ಮುಂಬಾಗಿಲಿಗೆ ಬಂದ ಊಟ

ವರ್ಡೆಲ್ ಐವಿಯ ಮುತ್ತಜ್ಜ ಗ್ರೀನ್ ಐವಿ. ಗುಲಾಮರಿಗೆ ಬಿಡುಗಡೆಯಾದ ವರ್ಷ ಅವನಿಗೆ ಹತ್ತೊಂಬತ್ತು. ಧಣಿಯ ಹತ್ತಿ ಹೊಲ ಬಿಟ್ಟು ಹೊರಟಾಗ ಅವನ ಕೈಯಲ್ಲಿ ಒಂದು ಸೀಳುಗತ್ತಿ ಇತ್ತು. ಅದೂ ಧಣಿಯದೇ, ಹೇಳದೆ ತಂದದ್ದು. ಆ ಕತ್ತಿಯಲ್ಲಿ ಬಿಳಿ ಓಕ್ ಮರವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಕುರ್ಚಿಗಳಿಗೆ ತಳ ಹೆಣೆದು, ಮಿಸಿಸಿಪ್ಪಿಯ ಈ ಉತ್ತರದ ಗುಡ್ಡಗಳಲ್ಲಿ ಬೆನ್ನ ಮೇಲೆ ಹೊತ್ತು ಮಾರಿದ. ಹಾಗೆ ನಡೆದು ನಡೆದೇ ನಮ್ಮೂರು ಗಮ್ ರಿಡ್ಜಿನಲ್ಲಿ ಹದಿನಾಲ್ಕು ಎಕರೆ ನೆಲ ಮಾಡಿದ. ಅವನ ಮಗ ಪ್ರಿನ್ಸ್ ಐವಿ ನಮ್ಮ ಚರ್ಚಿನ ಬೆಂಚುಗಳನ್ನೆಲ್ಲ ಮಾಡಿದವನು. ಒಮ್ಮೆ ಚರ್ಚಿಗೆ ಬೆಂಕಿ ಇಟ್ಟರು. ಯಾರಿಟ್ಟರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಬೂದಿ ಆರುವ ಮೊದಲೇ ಪ್ರಿನ್ಸ್ ಹೊಸ ಹಲಗೆಗೆ ಗೆರೆ ಹಾಕುತ್ತಾ ಕೂತಿದ್ದನಂತೆ.

ಪ್ರಿನ್ಸನ ಮಗ ಟಾಲಿವರ್, ವರ್ಡೆಲಳ ತಂದೆ. ಓಟಿನ ಪಟ್ಟಿಗೆ ಹೆಸರು ಸೇರಿಸಲು ಅವನು ಮೂರು ಸಲ ಕೋರ್ಟು ಕಟ್ಟಡಕ್ಕೆ ಹೋದ. ಕರಿಯರಾದ ನಮ್ಮವರನ್ನು ಮೊಗಸಾಲೆಯಲ್ಲಿ ಇಡೀ ದಿನ ನಿಲ್ಲಿಸಿ, ಐದು ಗಂಟೆಗೆ ಕಿಟಕಿ ಮುಚ್ಚಿಬಿಡುವುದು ಅಲ್ಲಿಯ ವಾಡಿಕೆಯಾಗಿತ್ತು. ನಾಲ್ಕನೆಯ ಸಲ ಟಾಲಿವರ್ ತನ್ನ ಅಜ್ಜ ಹೆಣೆದ ಕುರ್ಚಿಯನ್ನು ಹೆಗಲಿಗೇರಿಸಿ ಹನ್ನೊಂದು ಮೈಲಿ ನಡೆದ. ಮೊಗಸಾಲೆಯ ನಟ್ಟನಡುವೆ ಕುರ್ಚಿ ಇಟ್ಟು, ಟೋಪಿ ತೊಡೆಯ ಮೇಲೆ ಇಟ್ಟು ಕೂತ. ಬೈದರು, ಕೂತಿದ್ದ. ಕಾಫಿ ಚೆಲ್ಲಿದರು, ಕೂತಿದ್ದ. ಮೂರನೆಯ ದಿನ ಮಧ್ಯಾಹ್ನ, ಅವನನ್ನು ಬಳಸಿಕೊಂಡು ಓಡಾಡಿ ಓಡಾಡಿ ಬೇಸತ್ತ ಗುಮಾಸ್ತ ಪಟ್ಟಿಯ ಪುಸ್ತಕವನ್ನು ಅವನ ಕಡೆ ತಳ್ಳಿದ. ಟಾಲಿವರನ ಹೆಂಡತಿ ಎಸ್ಸಿ ಮೂವತ್ತು ಮೈಲಿ ದೂರದ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆರಡು ವರ್ಷ ವಿದ್ಯಾರ್ಥಿಗಳ ಹಾಸಿಗೆಯ ಬಟ್ಟೆ ಒಗೆದಳು. ಮೊದಲ ಸಂಬಳದಲ್ಲಿ ಒಂದು ಗೋಡೆ ಗಡಿಯಾರ ತಂದಳು, ಕೀಲಿ ಕೊಡುವಂಥದ್ದು. ಆ ವಿಶ್ವವಿದ್ಯಾಲಯದ ಮುಂಬಾಗಿಲನ್ನು ಅವಳು ಒಂದು ದಿನವೂ ದಾಟಲಿಲ್ಲ.

ಇಂಥವರ ಮಗಳು ವರ್ಡೆಲ್. ಕುರ್ಚಿ ಮಾಡುವವರ ವಂಶವಾದ್ದರಿಂದ ಅವಳು ಸೋಫಾ ಕಾರ್ಖಾನೆ ಸೇರಿದ್ದು ಯಾರಿಗೂ ಹೊಸದೆನಿಸಲಿಲ್ಲ. ಮೂವತ್ತಮೂರು ವರ್ಷ ಸ್ಪ್ರಿಂಗು ಕಟ್ಟಿದಳು. ನಾನು ಅದೇ ಕಾರ್ಖಾನೆಯಲ್ಲಿ ಮರದ ಚೌಕಟ್ಟು ಮಾಡುತ್ತಿದ್ದವನು. ನನ್ನ ಕೈಯಿಂದ ಹೋದದ್ದು ಅವಳ ಕೈಗೆ ಬರುತ್ತಿತ್ತು. ಒಂದೊಂದು ಸ್ಪ್ರಿಂಗಿಗೂ ಎಂಟು ದಿಕ್ಕಿನಿಂದ ಸೆಣಬಿನ ಹುರಿ ಎಳೆದು ಗಂಟು ಹಾಕಬೇಕು. ಸಡಿಲವಾದರೆ ಕೂತವನು ಒಂದು ಕಡೆಗೆ ವಾಲುತ್ತಾನೆ, ಬಿಗಿಯಾದರೆ ಕಲ್ಲಿನ ಮೇಲೆ ಕೂತಂತಾಗುತ್ತದೆ. ಎಷ್ಟು ಎಳೆಯಬೇಕೆಂದು ಬೆರಳು ಹೇಳಬೇಕು. ಇಪ್ಪತ್ತು ವರ್ಷವಾಗುವಷ್ಟರಲ್ಲಿ ಅವಳ ಬೆರಳುಗಳಿಗೆ ಸ್ಪರ್ಶವೇ ಹೋಗಿತ್ತು. ಒಲೆಯೊಳಗಿನ ತಟ್ಟೆಯನ್ನು ಬರಿಗೈಯಲ್ಲಿ ತೆಗೆಯುತ್ತಿದ್ದಳು. ಆಮೇಲೆ ಹುರಿಯ ಸದ್ದು ಕೇಳಿಯೇ ಬಿಗಿ ನೋಡುತ್ತಿದ್ದಳು. ಕಿವಿಯ ಹತ್ತಿರ ತಂದು ಮೀಟಿ, ತಲೆ ಆಡಿಸಿ, ಗಂಟು ಹಾಕುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ಲಟ್ರೀಸ್. ಓದಿನ ಖರ್ಚು ಹುಟ್ಟುತ್ತದೆಂದು ರಾಜ್ಯದ ಮೀಸಲು ಪಡೆ ಸೇರಿದ್ದ ಹುಡುಗಿ, ಆ ವರ್ಷ, ಎರಡು ಸಾವಿರದ ಎಂಟರಲ್ಲಿ, ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದಳು. ಭಾನುವಾರ ಚರ್ಚು ಬಿಟ್ಟ ಮೇಲೆ ಫೋನ್ ಮಾಡುತ್ತಿದ್ದಳು. ಮಗಳು ಅಲ್ಲಿಯ ವಿಷಯ ಹೇಳುತ್ತಿರಲಿಲ್ಲ, ತಾಯಿ ಕೇಳುತ್ತಿರಲಿಲ್ಲ. ಲಟ್ರೀಸ್ ಕೇಳುತ್ತಿದ್ದದ್ದು ಒಂದೇ, ಅಮ್ಮಾ ಇವತ್ತು ಏನು ಮಾಡ್ಕೊಂಡು ತಿಂದೆ ಅಂತ. ವರ್ಡೆಲ್ ಉಪ್ಪಿನಿಂದ ಹಿಡಿದು ಎಲ್ಲ ಹೇಳುತ್ತಿದ್ದಳು. ಅಷ್ಟರಲ್ಲಿ ಸಮಯ ಮುಗಿಯುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಎರಡು ಭಾನುವಾರ ಫೋನ್ ಬರಲಿಲ್ಲ. ಒಂದು ತುಕಡಿಯಲ್ಲಿ ಯಾರಾದರೂ ಸತ್ತರೆ, ಸತ್ತವರ ಮನೆಗೆ ಸುದ್ದಿ ಮುಟ್ಟುವವರೆಗೆ ಎಲ್ಲರ ಫೋನನ್ನೂ ನಿಲ್ಲಿಸುತ್ತಾರೆ. ಇದು ಮಕ್ಕಳನ್ನು ಕಳಿಸಿದ ಎಲ್ಲ ತಾಯಂದಿರಿಗೂ ಗೊತ್ತು. ಸುದ್ದಿ ತರುವವರು ಇಬ್ಬರು, ಕಡುಬಣ್ಣದ ಬಟ್ಟೆ ತೊಟ್ಟು, ಕಡುಬಣ್ಣದ ಕಾರಿನಲ್ಲಿ ಬರುತ್ತಾರೆ. ಇದೂ ಗೊತ್ತು. ಎರಡನೆಯ ಭಾನುವಾರ ಕಳೆದ ಮೇಲೆ ವರ್ಡೆಲ್ ಮಾತು ಕಡಿಮೆ ಮಾಡಿದಳು. ಅಳುವುದಾಗಲಿ, ದಿಗಿಲು ಬೀಳುವುದಾಗಲಿ ಕಾಣಲಿಲ್ಲ. ಕೇಳಿದರೆ, ನನ್ನ ಬೆರಳಿನ ಥರ ಆಗಿದೆ ಒಳಗೆ, ಅಂದಳು. ಅಷ್ಟೇ.

ಅದರ ಮೇಲೆ ಬುಧವಾರ ಕಾರ್ಖಾನೆ ಮುಚ್ಚಿತು. ಬೆಳಿಗ್ಗೆ ಹೋದರೆ ಗೇಟಿಗೆ ಸರಪಳಿ. ಹೊಲಿಗೆಯ ಕೆಲಸ ಎರಡು ವರ್ಷದ ಹಿಂದೆಯೇ ಚೀನಾಕ್ಕೆ ಹೋಗಿತ್ತು; ಸ್ಪ್ರಿಂಗು, ಚೌಕಟ್ಟು ಮಾತ್ರ ಉಳಿದಿದ್ದವು. ನ್ಯೂಯಾರ್ಕಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿ ಬೀಳುತ್ತಿದ್ದ ವಾರ ಅದು. ಗೇಟಿಗೆ ಅಂಟಿಸಿದ್ದ ಕಾಗದವನ್ನು ವರ್ಡೆಲ್ ಓದಿದಳು, ಊಟದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು, ಮನೆಗೆ ನಡೆದಳು. ಒಳಗೆ ಅವಳ ಕತ್ತರಿ ಉಳಿದಿತ್ತು. ಅದನ್ನು ಕೇಳಲೂ ಇಲ್ಲ.

ನಮ್ಮ ಚರ್ಚಿನಲ್ಲಿ ಕೆಲಸ ಹೋದವರು ಇಪ್ಪತ್ತೆರಡು ಜನ. ಅರ್ಲೀನ್ ಟಬ್ಸ್, ಚರ್ಚಿನ ಹೆಂಗಸರಿಗೆಲ್ಲ ಮುಂದಾಳು, ಗುರುವಾರ ಒಂದು ಏರ್ಪಾಡು ಮಾಡಿದಳು. ಅರ್ಲೀನ್ ಹೊಲಿಗೆಯ ಸಾಲಿನಲ್ಲಿದ್ದವಳು. ಅವಳ ಕೆಲಸ ಹೋದಾಗ ಯಾರೂ ಒಂದು ಬಟ್ಟಲು ಸಾರು ತಂದಿರಲಿಲ್ಲ, ಅದು ಅವಳ ಮನಸ್ಸಿನಲ್ಲಿ ಕೂತಿತ್ತು. ದಿನಕ್ಕೊಂದು ಮನೆಯಂತೆ ಕೆಲಸ ಹೋದವರಿಗೆಲ್ಲ ಊಟ ಒಯ್ಯೋಣ, ಮೊದಲು ವರ್ಡೆಲ್ ಮನೆಗೆ, ಎಲ್ಲರಿಗಿಂತ ಹಳಬಳು, ಒಂಟಿ ಬೇರೆ, ಅಂದಳು. ಶುಕ್ರವಾರ ಟಿವಿಯಲ್ಲಿ ಅಧ್ಯಕ್ಷ ಪದವಿಗೆ ನಿಂತವರಿಬ್ಬರ ವಾದ ಇತ್ತು. ವರ್ಡೆಲ್ ಅದನ್ನು ನೋಡಲು ಎಲ್ಲರ ಜೊತೆ ಚರ್ಚಿನ ಸಭಾಂಗಣದಲ್ಲಿ ಕೂತಿರುವಾಗ ನಾಲ್ಕಾರು ಜನ ಮೆಲ್ಲನೆ ಎದ್ದು ಹೋಗಿ ಅವಳ ಮನೆ ತುಂಬಿಸಿಬಿಡೋಣ, ಬಂದು ನೋಡಿ ಬೆರಗಾಗಲಿ, ಅಂದಳು. ನನಗೂ ಹೇಳಿದಳು. ಅವಳನ್ನು ಮನೆಗೆ ಕರೆತರುವುದು ನನ್ನ ಕೆಲಸ, ಗುಟ್ಟು ಬಿಡಬಾರದು. ನಾನು ಆಗಲಿ ಅಂದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕಾಯಿಲೆ ಬಿದ್ದವರಿಗೆ ಊಟ ಒಯ್ಯುವುದಾದರೆ ಹಿತ್ತಲ ಬಾಗಿಲಿಂದ, ಒಂದೇ ಪಾತ್ರೆ, ಒಬ್ಬಳೇ ಹೆಂಗಸು. ಮುಂಬಾಗಿಲಿಂದ, ಬಟ್ಟೆ ಮುಚ್ಚಿದ ಹತ್ತಾರು ಪಾತ್ರೆ, ತಳದಲ್ಲಿ ಅವರವರ ಹೆಸರಿನ ಚೀಟಿ, ಅಂಗಳದಲ್ಲಿ ಟೋಪಿ ತೆಗೆದು ನಿಂತ ಗಂಡಸರು, ಇಷ್ಟೂ ಸೇರಿದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿದ್ದೂ ನಮ್ಮಲ್ಲೊಬ್ಬರಿಗೂ ಆ ಎರಡು ದಿನ ಹೊಳೆಯಲಿಲ್ಲ. ಪಾತ್ರೆ ಬಹಳ ಇದ್ದವು, ವರ್ಡೆಲ್ ಮನೆಯ ಹಿತ್ತಲ ಮೆಟ್ಟಿಲು ಕೊಳೆತಿತ್ತು, ಆದ್ದರಿಂದ ಮುಂಬಾಗಿಲಿಂದ ಒಯ್ಯುವುದೆಂದಾಯಿತು.

ವಾದ ನಡೆಯುವುದು ಎಸ್ಸಿ ಬಟ್ಟೆ ಒಗೆಯುತ್ತಿದ್ದ ಅದೇ ವಿಶ್ವವಿದ್ಯಾಲಯದಲ್ಲಿ. ಬ್ಯಾಂಕುಗಳ ಗದ್ದಲದಲ್ಲಿ ನಡೆಯುತ್ತದೋ ಇಲ್ಲವೋ ಎಂದು ಆ ದಿನ ಬೆಳಗಿನವರೆಗೂ ಯಾರಿಗೂ ಗೊತ್ತಿರಲಿಲ್ಲ. ನಡೆಯುತ್ತದೆಂದು ಗೊತ್ತಾದಾಗ ಗಮ್ ರಿಡ್ಜಿನ ಜನ ಈಸ್ಟರ್ ಹಬ್ಬಕ್ಕೆ ಬಂದಂತೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು. ನಿಂತವರಲ್ಲಿ ಒಬ್ಬ ನಮ್ಮ ಬಣ್ಣದವನು. ಅಂಥದ್ದನ್ನು ನೋಡುತ್ತೇವೆಂದು ನಾವ್ಯಾರೂ ಕನಸಿನಲ್ಲೂ ಅಂದುಕೊಂಡವರಲ್ಲ. ಪಾದ್ರಿ ಬ್ಲೆವಿನ್ಸ್ ಎಲ್ಲಿಂದಲೋ ಪ್ರೊಜೆಕ್ಟರ್ ತಂದಿದ್ದರು. ಪರದೆಗೆ ಕಾರ್ಖಾನೆಯ ಬಿಳಿ ಬಟ್ಟೆಯ ಎರಡು ತುಂಡನ್ನು ಜೋಡಿಸಿ ಹೊಲಿದಿದ್ದರು. ನಡುವಿನ ಹೊಲಿಗೆಯ ಆಚೆಗೊಬ್ಬ, ಈಚೆಗೊಬ್ಬ ನಿಂತಂತೆ ಕಾಣುತ್ತಿತ್ತು.

ಕುರ್ಚಿ ಸಾಲದೆಂದು ಎಲ್ಲರೂ ಮನೆಯಿಂದ ತಂದಿದ್ದರು. ವರ್ಡೆಲ್ ತಂದದ್ದು ಟಾಲಿವರನ ಕುರ್ಚಿ. ಹೊತ್ತುಕೊಂಡು ಬರುತ್ತಿದ್ದವಳಿಗೆ ನಾನು ಕೊಡು ಅಂದರೆ ಕೊಡಲಿಲ್ಲ. ಡೀಕನ್ ಹೋಸಿಯಾ, ಚರ್ಚಿನ ಹಿರಿಯ, ಕಪ್ಪು ಸೂಟು ಹಾಕಿ ಬಾಗಿಲಲ್ಲಿ ನಿಂತಿದ್ದವನು, ಕುರ್ಚಿಯನ್ನು ನೋಡಿ ಅಂದ:

“ಅದ್ನೂ ಓಟಿನ ಪಟ್ಟೀಗೆ ಸೇರ್ಸಬಿಡು ವರ್ಡೆಲ್. ವಯಸ್ಸಾಗ್ಯದೆ, ಬುದ್ಧೀನೂ ಅದೆ. ನಮ್ಮಲ್ಲಿ ಅರ್ಧ ಜನಕ್ಕೆ ಎರಡೂ ಇಲ್ಲ.”

“ನಿಂಗಿಂತ ಮುಂಚೆ ಅದು ಕೋರ್ಟ್ ನೋಡ್ಯದೆ ಕಣಯ್ಯ,” ಅಂದಳು ವರ್ಡೆಲ್. ಅವತ್ತು ಅವಳು ಆಡಿದ ತಮಾಷೆಯ ಮಾತು ಅದೊಂದೇ. ಮುಖ ಮಾತ್ರ ನಗಲಿಲ್ಲ.

ವಾದದ ವಿಷಯ ಹೊರದೇಶದ ವ್ಯವಹಾರ ಎಂದು ಮೊದಲೇ ಗೊತ್ತುಪಡಿಸಿದ್ದರು. ಆದರೆ ಆ ವಾರ ಹಾಗಿತ್ತಲ್ಲ, ಮೊದಲ ಅರ್ಧ ಗಂಟೆಗೂ ಮೀರಿ ಬ್ಯಾಂಕಿನ ಮಾತೇ ಆಯಿತು. ಸಭಾಂಗಣ ಉಸಿರು ಹಿಡಿದು ಕೇಳಿತು. ಕಾರ್ಖಾನೆ ಎಂಬ ಮಾತು ಬರುತ್ತದೇನೋ ಎಂದು ಕಾದರು. ಬೀಳುವ ಬ್ಯಾಂಕಿಗೆ ಎಷ್ಟು ಕೊಡಬೇಕೆಂದು ಇಬ್ಬರೂ ಮಾತಾಡುವಾಗ ಹಿಂದಿನಿಂದ ಯಾರೋ, ಅವರಿಗೆ ಒಂದು ಒಳ್ಳೆ ಸೋಫಾ ಕಳ್ಸಿ, ಬಿದ್ರೂ ನೋವಾಗಲ್ಲ ಅಂದರು. ಜನ ನಕ್ಕರು. ವರ್ಡೆಲ್ ಕೈ ಕಟ್ಟಿ ಕೂತಿದ್ದಳು. ಬ್ಯಾಂಕಿನ ಮಾತು ಅವಳಿಗೆ ಬೇಕಿರಲಿಲ್ಲ. ಜನಕ್ಕೆ ಬೇಡವಾಗಿದ್ದ ಎರಡನೆಯ ಭಾಗಕ್ಕೇ ಅವಳು ಬಂದಿದ್ದದ್ದು.

ಅದು ಬಂತು. ಒಂದು ಯುದ್ಧದಿಂದ ಸೈನಿಕರನ್ನು ತೆಗೆಯುವ ಮಾತು, ಇನ್ನೊಂದಕ್ಕೆ ಕಳಿಸುವ ಮಾತು. ಲಟ್ರೀಸ್ ಇದ್ದ ಬೆಟ್ಟದ ದೇಶಕ್ಕೆ ಇನ್ನಷ್ಟು ಜನ ಬೇಕೆಂದು ಇಬ್ಬರೂ ಒಪ್ಪಿದರು. ಅದರಲ್ಲಿ ವಾದವೇ ಇರಲಿಲ್ಲ. ವರ್ಡೆಲ್ ಸ್ವಲ್ಪ ಮುಂದಕ್ಕೆ ಬಾಗಿ, ಹುರಿ ಮೀಟಿ ಕೇಳುವಾಗ ಮಾಡುತ್ತಿದ್ದಂತೆ ತಲೆ ಓರೆ ಮಾಡಿದಳು. ಆಗಲೇ ಅರ್ಲೀನ್ ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಗೋಡೆಗೆ ಆತು ನಡೆದು ಬಾಗಿಲ ಕಡೆ ಹೋದರು. ಆಮೇಲೆ ಪಾದ್ರಿ, ಆಮೇಲೆ ಡೀಕನ್. ಆ ಸಂಜೆ ಸಭಾಂಗಣಕ್ಕೆ ಬೆಂಕಿ ಬಿದ್ದರೂ ನಮ್ಮವರು ಕೂತ ಜಾಗ ಬಿಡುತ್ತಿರಲಿಲ್ಲ. ಅಂಥ ಸಂಜೆ ಐದು ಜನ ಎದ್ದು ಹೋದರು. ಹೋಗುತ್ತಾ ವರ್ಡೆಲ್ ಕಡೆ ನೋಡಿದರು. ಅವಳು ತಿರುಗಿದಾಗ ಕಣ್ಣು ತಪ್ಪಿಸಿದರು. ಗುಟ್ಟು ಕಾಯುವವರು ಕಣ್ಣು ತಪ್ಪಿಸುತ್ತಾರೆ. ಕೆಟ್ಟ ಸುದ್ದಿ ಹೊತ್ತವರೂ ಹಾಗೆಯೇ.

ಪರದೆಯ ಮೇಲೆ ಮುದುಕ ಅಭ್ಯರ್ಥಿ ತನ್ನ ಕೈಯ ಕಡಗದ ಮಾತು ತೆಗೆದ. ಸತ್ತ ಸೈನಿಕನೊಬ್ಬನ ತಾಯಿ ಕೊಟ್ಟದ್ದಂತೆ, ಅದರ ಮೇಲೆ ಮಗನ ಹೆಸರಂತೆ. ತನ್ನ ಕೈಯಲ್ಲೂ ಒಂದಿದೆ ಎಂದ ನಮ್ಮವನು, ಅದನ್ನೂ ಒಬ್ಬ ತಾಯಿಯೇ ಕೊಟ್ಟದ್ದು. ವರ್ಡೆಲ್ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಎದ್ದಳು. ಕುರ್ಚಿ ಎತ್ತಿದಳು. ವಾದ ಇನ್ನೂ ಮುಗಿದಿರಲಿಲ್ಲ.

ನಾನು ಹಿಂದೆ ಹೋದೆ. ಮನೆ ನಾಲ್ಕು ನಿಮಿಷದ ದಾರಿ. ಕುರ್ಚಿಗೆ ಮತ್ತೆ ಕೈ ಚಾಚಿದೆ, ಮತ್ತೆ ಕೊಡಲಿಲ್ಲ. ಅರ್ಧ ದಾರಿಯಲ್ಲಿ ಕೇಳಿದಳು:

“ಐಸಮ್, ಅವರೆಲ್ಲ ಯಾಕೆ ಎದ್ದು ಹೋದ್ರು?”

“ಮನೆಗೆ ಹೋದ್ಮೇಲೆ ಗೊತ್ತಾಗ್ತದೆ, ನಡಿ,” ಅಂದೆ.

ಇವತ್ತಿಗೂ ಆ ಮಾತು ನನ್ನ ಗಂಟಲಲ್ಲಿದೆ. ಅವಳ ನಡಿಗೆ ನಿಧಾನವಾಗಲೂ ಇಲ್ಲ, ಜೋರಾಗಲೂ ಇಲ್ಲ. ಕುರ್ಚಿಯ ಕಾಲು ಅವಳ ಬೆನ್ನಿಗೆ ಹೆಜ್ಜೆಗೊಮ್ಮೆ ತಟ್ಟುತ್ತಿತ್ತು.

ಮನೆಯ ಎಲ್ಲ ದೀಪ ಹತ್ತಿದ್ದವು. ಪೀಕನ್ ಮರದ ಕೆಳಗೆ ಡೀಕನ್ನನ ಕಪ್ಪು ಕಾರು. ಅದರ ಪಕ್ಕ ಕಪ್ಪು ಸೂಟಿನ ಇಬ್ಬರು, ಡೀಕನ್ ಮತ್ತು ಪಾದ್ರಿ. ಅವಳನ್ನು ನೋಡಿ ಇಬ್ಬರೂ ಟೋಪಿ ತೆಗೆದರು. ಮರ್ಯಾದೆಗೆ ತೆಗೆದದ್ದು, ದಿನವೂ ತೆಗೆಯುವವರೇ. ಮುಂಬಾಗಿಲು ತೆರೆದಿತ್ತು. ಒಳಗೆ ಮೇಜಿನ ತುಂಬ ಬಟ್ಟೆ ಮುಚ್ಚಿದ ಪಾತ್ರೆಗಳು: ಜೋಳದ ಬ್ರೆಡ್ಡು ಪುಡಿಮಾಡಿ ಸೇರಿಸಿ ಬೇಯಿಸಿದ ಕೋಳಿ, ಅವರೆ, ಸೊಪ್ಪು, ಗೆಣಸಿನ ಕಡುಬು, ನಡುವೆ ಅರ್ಲೀನಳ ಬೆಣ್ಣೆ ಕೇಕು. ಗಮ್ ರಿಡ್ಜಿನಲ್ಲಿ ಅರ್ಲೀನಳ ಕೇಕು ಕಂಡರೆ, ಹೆಣ ಎಲ್ಲಿಟ್ಟಿದ್ದಾರೆ ಎಂದು ಕೇಳುವ ವಾಡಿಕೆ. ಮೂವರು ಹೆಂಗಸರು ಸಾಲಾಗಿ ನಿಂತಿದ್ದರು. ಬೆರಗುಗೊಳಿಸಲು ಕಾದಿದ್ದವರು, ಅವಳ ಮುಖ ಕಂಡು ಒಬ್ಬರನ್ನೊಬ್ಬರು ನೋಡಿಕೊಂಡರು.

ವರ್ಡೆಲ್ ಕುರ್ಚಿಯನ್ನು ಕೆಳಗಿಟ್ಟಳು. ಯಾರನ್ನೂ ನೋಡಲಿಲ್ಲ. ಗೋಡೆಯ ಹತ್ತಿರ ಹೋಗಿ ಎಸ್ಸಿಯ ಗಡಿಯಾರದ ಬಾಗಿಲು ತೆರೆದು ಲೋಲಕವನ್ನು ಬೆರಳಿಂದ ನಿಲ್ಲಿಸಿದಳು. ಒಂಬತ್ತು ಗಂಟೆ ಹನ್ನೆರಡು ನಿಮಿಷ. ಆಮೇಲೆ ಸೋಫಾದ ಮೇಲಿದ್ದ ಹೊದಿಕೆ ತೆಗೆದು ಕನ್ನಡಿಗೆ ಹೊದಿಸಿದಳು. ಸಾವಿನ ಮನೆಯಲ್ಲಿ ನಮ್ಮ ಹಿರಿಯರು ಹಾಗೆ ಗಡಿಯಾರ ನಿಲ್ಲಿಸಿ ಕನ್ನಡಿ ಮುಚ್ಚುತ್ತಿದ್ದರು. ಎಸ್ಸಿ ಹೋದಾಗ ವರ್ಡೆಲ್ಲೇ ಮಾಡಿದ್ದಳು. ಹೊದಿಕೆಯ ಮೂಲೆ ಜಾರಿತು. ಸರಿಮಾಡಿದಳು. ಮತ್ತೆ ಜಾರಿತು, ಮತ್ತೆ ಸರಿಮಾಡಿದಳು. ಹೊಲಿಗೆಯವರು ಅಂಚು ಕೂರಿಸುವ ಹಾಗೆ, ಅವಸರವಿಲ್ಲದೆ. ಆಮೇಲೆ ಅಪ್ಪನ ಕುರ್ಚಿಯಲ್ಲಿ ಕೂತು ಅಂಗಳದ ಇಬ್ಬರ ಕಡೆ ತಿರುಗಿದಳು.

“ಬನ್ನಿ, ಹೇಳಿ,” ಅಂದಳು. “ಕೂತಿದ್ದೀನಿ.”

ಮೊದಲು ಅರ್ಥವಾದದ್ದು ಅರ್ಲೀನಳಿಗೆ. ಅವಳು ಮೇಜು ಹಿಡಿದುಕೊಂಡಳು. ಕೇಕಿನ ತಟ್ಟೆ ಅಲುಗಿತು.

“ಅಯ್ಯೋ ತಾಯೀ, ಯಾರಿಗೂ ಏನೂ ಆಗಿಲ್ಲ ಕಣೆ. ಲಟ್ರೀಸ್ ಸುದ್ದಿ ಏನೂ ಬಂದಿಲ್ಲ. ಇದು ಕೆಲ್ಸ ಹೋಯ್ತಲ್ಲ, ಅದಕ್ಕೆ. ಬರೀ ಕೆಲ್ಸಕ್ಕೆ.”

ವರ್ಡೆಲ್ ಅವಳನ್ನು ನೋಡಿದಳು. ಪಾದ್ರಿಯನ್ನು ನೋಡಿದಳು. ಪಾದ್ರಿ ತಲೆ ಅಲ್ಲಾಡಿಸಿದರು, ಇಲ್ಲ, ಏನೂ ಇಲ್ಲ. ಕೊನೆಗೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳ ಮುಖದಲ್ಲಿ ಸಂತೋಷ ಬರುತ್ತದೆಂದು ಕಾದೆವು. ಬರಲಿಲ್ಲ. ಕೋಪವೂ ಬರಲಿಲ್ಲ. ಹಾಗಾದ್ರೆ ಗೊತ್ತಿಲ್ಲ, ಇನ್ನೂ ಗೊತ್ತಿಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಅರ್ಲೀನ್ ತನ್ನ ತಲೆ ತಾನೇ ಹೊಡೆದುಕೊಂಡಳು. ನಾಳೆ ಬೆಳಿಗ್ಗೆಯೇ ಮೀಸಲು ಪಡೆಯ ಕಚೇರಿಗೆ ತಾವೇ ಫೋನ್ ಮಾಡಿ ವಿಚಾರಿಸುವುದಾಗಿ ಹೇಳಿದರು ಪಾದ್ರಿ. ಕೆಲಸ ಸಿಗುವವರೆಗೆ ಚರ್ಚು ಅವಳ ಮನೆಯನ್ನು ನೋಡಿಕೊಳ್ಳುತ್ತದೆಂದೂ ಹೇಳಿದರು. ಇನ್ನೊಬ್ಬಳು, ಈ ರಾತ್ರಿ ನಾನು ನಿನ್ನ ಜೊತೆ ಮಲಗ್ತೀನಿ ಅಂದಳು. ಏನಾದರೂ ಮಾಡಬೇಕಲ್ಲ ಎಂದು ಡೀಕನ್ ಗಡಿಯಾರದ ಹತ್ತಿರ ಹೋಗಿ ಲೋಲಕಕ್ಕೆ ಕೈ ಹಾಕಿದ.

ವರ್ಡೆಲ್ ಎದ್ದಳು. ಕೋಳಿಯ ತಟ್ಟೆ ಒಲೆಯಿಂದ ಆಗಷ್ಟೇ ಇಳಿದದ್ದು, ಬಟ್ಟೆಯಡಿಯಿಂದ ಹಬೆ ಬರುತ್ತಿತ್ತು. ಅದನ್ನು ಬರಿಗೈಯಲ್ಲಿ ಎತ್ತಿ, ಅರ್ಲೀನ್ ತನ್ನ ಏಪ್ರನ್ನನ್ನು ಕೈಗೆ ಸುತ್ತಿಕೊಳ್ಳುವವರೆಗೆ ಹಿಡಿದು ನಿಂತು, ಅವಳಿಗೆ ದಾಟಿಸಿದಳು. ಆಮೇಲೆ ಹೇಳಿದಳು, ಸ್ವರ ಏರಿಸದೆ:

“ನಿನ್ ಮೇಲೆ ಕೋಪ ಇಲ್ಲ ಅರ್ಲೀನ್. ಇದ್ದಿದ್ರೆ ಆ ಕೇಕು ಪೂರ್ತಿ ತಿಂದು ತಟ್ಟೇನೂ ವಾಪಸ್ ಕೊಡ್ತಿರ್ಲಿಲ್ಲ. ಆದ್ರೆ ಈ ಮನೇಲಿ ಯಾರೂ ಸತ್ತಿಲ್ಲ. ಸತ್ತಿಲ್ಲ ಅಂತ ಈಗ ನೀವೇ ಹೇಳಿದ್ರಿ. ಇದನ್ನ ನಾನು ಉಂಡ್ರೆ ಏನೋ ಒಪ್ಕೊಂಡ ಹಾಗಾಯ್ತದೆ, ನಾನು ಒಪ್ಪಲ್ಲ. ಕೆಲ್ಸದ ಮಾತು ಬೇಡ ಪಾದ್ರಿಗಳೇ, ಕೆಲ್ಸ ಹೋಗಿದ್ದಕ್ಕೆ ಊಟ ತರೋರು ಇಲ್ಲಿ ಹಿಂದೆ ಯಾರೂ ಇರ್ಲಿಲ್ಲ, ಈಗ್ಲೂ ಬೇಡ. ಫೋನೂ ಮಾಡ್ಬೇಡಿ. ಪಡೆಯವ್ರಿಗೆ ನನ್ ಮನೆ ದಾರಿ ಗೊತ್ತು, ಬರೋದಿದ್ರೆ ಬರ್ತಾರೆ. ನಾಡಿದ್ದು ಭಾನುವಾರ. ಲಟ್ರೀಸ್ ಫೋನ್ ಮಾಡಿದ್ರೆ, ಏನು ಮಾಡ್ಕೊಂಡು ತಿಂದೆ ಅಂತ ಕೇಳ್ತಾಳೆ. ನನ್ ಕೈಯಾರೆ ಮಾಡಿದ್ದು ಹೇಳ್ಬೇಕು ನಾನು. ಎಲ್ಲಾ ತಗೊಂಡು ಹೋಗಿ, ಹಿತ್ಲ ಬಾಗ್ಲಿಂದ ಹೋಗಿ, ಮೆಟ್ಲು ನೋಡ್ಕೊಂಡು. ಡೀಕನ್, ಗಡಿಯಾರ ಬಿಡಯ್ಯ. ನಾನು ನಿಲ್ಸಿದ್ದು. ನಡೆಸೋ ಹೊತ್ತಿಗೆ ನಾನೇ ನಡೆಸ್ತೀನಿ.”